ವಿನ್ಯಾಸ-ನಿರ್ಮಾಣ ಶಿಕ್ಷಣ

ವಾಸ್ತುಶಿಲ್ಪ ಕಲಿಯುವ ವಿದ್ಯಾರ್ಥಿಗಳು ತಮ್ಮ ಪಠ್ಯಕ್ರಮದ ಅಂಗವಾಗಿಯೇ, ಯಾರು ಬಳಸುತ್ತಾರೆಂದು ಗೊತ್ತಿರುವ ಒಂದು ಕಟ್ಟಡವನ್ನು, ಗೊತ್ತಾದ ನಿವೇಶನದಲ್ಲಿ, ನಿಗದಿತ ಹಣ ಮತ್ತು ಅವಧಿಯೊಳಗೆ ತಾವೇ ವಿನ್ಯಾಸ ಮಾಡಿ ತಾವೇ ಕಟ್ಟುವ ಬೋಧನಾಕ್ರಮಕ್ಕೆ ವಿನ್ಯಾಸ-ನಿರ್ಮಾಣ ಶಿಕ್ಷಣ ಎಂದು ಹೆಸರು. ಕಾಲೇಜುಗಳಲ್ಲಿ ಇದನ್ನು ‘ಡಿಸೈನ್-ಬಿಲ್ಡ್ ಸ್ಟುಡಿಯೊ’ ಎನ್ನುವುದು ರೂಢಿ. ಇದೇ ಮಾತು ಗುತ್ತಿಗೆ ವ್ಯವಹಾರದಲ್ಲೂ ಇದೆ. ನಕ್ಷೆ ಮತ್ತು ಕಾಮಗಾರಿ ಎರಡನ್ನೂ ಒಂದೇ ಸಂಸ್ಥೆ ವಹಿಸಿಕೊಳ್ಳುವ ಕರಾರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಇಲ್ಲಿನ ವಿಷಯ ಅದಲ್ಲ. ಕೆಲಸ ನಡೆಯುವಲ್ಲಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದು ತೋರಿಸುವ ಸೈಟ್ ವಿಸಿಟ್, ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕೆಲವು ತಿಂಗಳು ಕಳೆಯುವ ಪ್ರಾಯೋಗಿಕ ತರಬೇತಿ, ಕಾಲೇಜಿನ ಅಂಗಳದಲ್ಲಿ ಒಂದು ಕಮಾನು ಕಟ್ಟಿ ಬಿಚ್ಚುವ ಕಾರ್ಯಾಗಾರ, ಇವೆಲ್ಲ ಉಪಯುಕ್ತವೇ. ಆದರೆ ಈ ವ್ಯಾಖ್ಯೆಯೊಳಗೆ ಬರುವಂಥವಲ್ಲ. ಮೊದಲನೆಯದರಲ್ಲಿ ವಿದ್ಯಾರ್ಥಿ ಬರೀ ನೋಡುಗ. ಎರಡನೆಯದರಲ್ಲಿ ಬೇರೊಬ್ಬರ ತೀರ್ಮಾನವನ್ನು ಕಾಗದಕ್ಕಿಳಿಸುವ ಸಹಾಯಕ. ಮೂರನೆಯದರಲ್ಲಿ ತಪ್ಪಾದರೆ ಯಾರ ಮನೆಯೂ ಸೋರುವುದಿಲ್ಲ.

ಈ ಕ್ರಮದಿಂದ ವಿದ್ಯಾರ್ಥಿಗಳು ಕೈಕೆಲಸ ಕಲಿಯುತ್ತಾರೆ ಎಂಬುದು ಅದರ ಪರವಾಗಿ ಹೆಚ್ಚಾಗಿ ಕೇಳಿಬರುವ ಸಮರ್ಥನೆ. ಆ ಸಮರ್ಥನೆ ಸಾಲದು. ಒಂದೆರಡು ಸೆಮಿಸ್ಟರ್ ಕರಣೆ ಹಿಡಿದವರು ಇಪ್ಪತ್ತು ವರ್ಷ ಗೋಡೆ ಎಬ್ಬಿಸಿದ ಗಾರೆ ಮೇಸ್ತ್ರಿಯ ಸಮಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಾಗದದ ಮೇಲೆ ಎಳೆದ ಗೆರೆಯ ಪರಿಣಾಮ ಎಳೆದವರ ಬಳಿಗೇ ಮರಳಿ ಬರುವಂತೆ ಮಾಡುವುದು ಇದರ ನಿಜವಾದ ಕೆಲಸ. ಮಳೆಯ ನೀರು ಎಲ್ಲಿ ನಿಂತಿತು, ಹಣ ಎಲ್ಲಿ ಮುಗಿಯಿತು, ಬಾಗಿಲು ಯಾರಿಗೆ ಇಕ್ಕಟ್ಟಾಯಿತು ಎಂಬ ಪ್ರಶ್ನೆಗಳಿಗೆ ವಿನ್ಯಾಸ ಮಾಡಿದವರೇ ಉತ್ತರ ಕೊಡಬೇಕಾಗುತ್ತದೆ. ಹೀಗೆ ನೋಡಿದರೆ ಒಂದು ಕಾರ್ಯಕ್ರಮದ ಗುಣವನ್ನು ಅಳೆಯಲು ಅದು ಕಟ್ಟಿದ ಕಟ್ಟಡಗಳ ಚಂದ ಸಾಕಾಗದು. ಆ ಹೊಣೆ ಎಷ್ಟು ಕಾಲದವರೆಗೆ, ಯಾರ ಮುಂದೆ ಉಳಿಯುತ್ತದೆ ಎಂಬುದನ್ನೇ ನೋಡಬೇಕು. ಮುಂದೆ ಬರುವ ಚರಿತ್ರೆಯೂ ಪ್ರಕಾರಗಳೂ ಆಕ್ಷೇಪಗಳೂ ಈ ಅಳತೆಗೋಲಿನಿಂದಲೇ ಸ್ಪಷ್ಟವಾಗುತ್ತವೆ.

ಉಗಮ

ಕಟ್ಟುತ್ತಲೇ ಕಟ್ಟುವುದನ್ನು ಕಲಿಯುವುದು ಹೊಸದಲ್ಲ. ಕಟ್ಟದೆ ಕಲಿಯುವುದೇ ಈಚಿನದು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳ ಬರಹಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳು ಸಿಗುತ್ತವೆ. ತಂದೆಯಿಂದ ಮಗನಿಗೆ, ಕೆಲಸ ನಡೆಯುವ ಜಾಗದಲ್ಲೇ ವಿದ್ಯೆ ದಾಟುತ್ತಿದ್ದ ವ್ಯವಸ್ಥೆಗೆ ಅದು ಕಲ್ಲಿನ ಮೇಲಿನ ಸಾಕ್ಷಿ. ಯುರೋಪಿನ ಕುಶಲಕರ್ಮಿ ಸಂಘಗಳಲ್ಲೂ ಇದೇ ರೀತಿ ಇತ್ತು. 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಸಂಸ್ಥೆಯ ಮಾದರಿ ಹರಡಿದಂತೆ ನಕ್ಷೆಯೇ ಪರೀಕ್ಷೆಯ ವಸ್ತುವಾಯಿತು. ಬಳಸುವವರೂ ನಿವೇಶನವೂ ಕಲ್ಪಿತವಾದವು. ತೀರ್ಪು ಕೊಡುವವರು ಗೋಡೆಗೆ ತೂಗುಹಾಕಿದ ಹಾಳೆಗಳನ್ನು ನೋಡಿ ಅಂಕ ಹಾಕಿದರು. ಭಾರತದಲ್ಲಿ ಈ ವಿದ್ಯೆ ಕಾಲೇಜಿನ ಬಾಗಿಲು ಹೊಕ್ಕದ್ದೂ ನಕ್ಷೆಯ ಮೂಲಕವೇ. ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ 1896ರಲ್ಲಿ ಶುರುವಾದದ್ದು ಡ್ರಾಫ್ಟ್ಸ್‌ಮನ್ ತರಗತಿ. ವಾಸ್ತುಶಿಲ್ಪದ ವಿಭಾಗ ಅದರಿಂದ ಬೆಳೆಯಿತು. ನಕ್ಷೆ ಪ್ರಧಾನವಾದದ್ದರಿಂದ ಲಾಭವೂ ಆಗಿದೆ ಎಂಬುದನ್ನು ಮರೆಯಬಾರದು. ಒಂದು ಮನೆತನದ ಗುಟ್ಟಾಗಿದ್ದ ವಿದ್ಯೆ ಯಾರು ಬೇಕಾದರೂ ಓದಿ ಕಲಿಯಬಹುದಾದ ವಿದ್ಯೆಯಾಯಿತು. ಆದರೆ ಗೆರೆ ಎಳೆಯುವವರೂ ಅದರ ಫಲ ಉಣ್ಣುವವರೂ ಬೇರೆ ಬೇರೆಯಾದರು.

ಕಾಲೇಜಿನೊಳಗೇ ಕಟ್ಟುವ ಕೆಲಸವನ್ನು ಕಲಿಕೆಯಾಗಿ ನೆಲೆಗೊಳಿಸಿದ ಮೊದಮೊದಲ ದೊಡ್ಡ ಪ್ರಯೋಗ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗೀ ಸಂಸ್ಥೆಯದು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಶಿಕ್ಷಣಕ್ಕೆಂದು 1881ರಲ್ಲಿ ತೆರೆದ ಈ ಸಂಸ್ಥೆಯಲ್ಲಿ ಅದರ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್ ವಿದ್ಯಾರ್ಥಿಗಳಿಂದಲೇ ಇಟ್ಟಿಗೆ ಮಾಡಿಸಿ ಸುಡಿಸಿದರು. ಮೊದಲ ಮೂರು ಗೂಡುಗಳೂ ಕೆಟ್ಟವು, ನಾಲ್ಕನೆಯದು ಕೈಹಿಡಿಯಿತು. 1901ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅವರು ಕೊಡುವ ಲೆಕ್ಕದಂತೆ ಅಷ್ಟರಲ್ಲಿ ನಿಂತಿದ್ದ 40 ಕಟ್ಟಡಗಳಲ್ಲಿ ನಾಲ್ಕನ್ನು ಬಿಟ್ಟು ಉಳಿದವೆಲ್ಲ ಬಹುಮಟ್ಟಿಗೆ ವಿದ್ಯಾರ್ಥಿಗಳ ದುಡಿಮೆಯವು. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ 1892ರಲ್ಲಿ ಪದವಿ ಪಡೆದ ಮೊದಲ ಕಪ್ಪು ವಾಸ್ತುಶಿಲ್ಪಿ ರಾಬರ್ಟ್ ಆರ್. ಟೇಲರ್ ಅಲ್ಲಿಗೆ ಬಂದ ಮೇಲೆ ನಕ್ಷೆಯೂ ಸಂಸ್ಥೆಯೊಳಗೇ ತಯಾರಾಯಿತು. ಕೆಟ್ಟ ಮೂರು ಗೂಡುಗಳು ಕಲಿಸಿದ್ದನ್ನು ಪಠ್ಯಪುಸ್ತಕ ಕಲಿಸುವುದು ಕಷ್ಟ: ಆ ಇಟ್ಟಿಗೆಯಿಂದ ಏಳಬೇಕಾಗಿದ್ದದ್ದು ಅವರದೇ ವಸತಿ, ಅವರದೇ ತರಗತಿ.

ಜರ್ಮನಿಯಲ್ಲಿ 1919ರಲ್ಲಿ ಆರಂಭವಾದ ಬೌಹೌಸ್ ಶಾಲೆಯನ್ನು ಈ ಪರಂಪರೆಯ ಮೂಲ ಎನ್ನುವುದುಂಟು. ಅದು ಅರ್ಧ ಮಾತ್ರ ಸರಿ. ಅದರ ಸ್ಥಾಪಕ ವಾಲ್ಟರ್ ಗ್ರೋಪಿಯಸ್ ಕುಶಲಕರ್ಮವನ್ನೂ ಕಲೆಯನ್ನೂ ಒಂದೇ ಕಾರ್ಯಾಗಾರದಲ್ಲಿ ಕೂರಿಸಿದರು ಎಂಬುದು ನಿಜ. ಬರ್ಲಿನ್ನಿನ ಝೊಮ್ಮರ್‌ಫೆಲ್ಡ್ ಮನೆಗೂ 1923ರಲ್ಲಿ ವೈಮಾರ್‌ನಲ್ಲಿ ಎದ್ದ ‘ಹೌಸ್ ಆಮ್ ಹಾರ್ನ್’ ಮನೆಗೂ ಅಲ್ಲಿನ ಕಾರ್ಯಾಗಾರಗಳು ಪೀಠೋಪಕರಣ, ದೀಪ, ನೆಲಹಾಸು ಒದಗಿಸಿದವು. ಆದರೆ ಆ ಶಾಲೆಯಲ್ಲಿ ವಾಸ್ತುಶಿಲ್ಪದ ಪ್ರತ್ಯೇಕ ವಿಭಾಗ ತೆರೆದದ್ದೇ 1927ರಲ್ಲಿ. ಫ್ರಾಂಕ್ ಲಾಯ್ಡ್ ರೈಟ್ 1932ರಲ್ಲಿ ಆರಂಭಿಸಿದ ಟಾಲಿಯೆಸಿನ್ ಶಿಷ್ಯವೃಂದ ಅರಿಜೋನಾದ ಮರುಭೂಮಿಯಲ್ಲಿ ಕಲ್ಲು ಹೊತ್ತು ಟಾಲಿಯೆಸಿನ್ ವೆಸ್ಟ್ ಕಟ್ಟಿತು; ಆದರೆ ಅಲ್ಲಿ ವಿನ್ಯಾಸ ಗುರುವಿನದು, ಬೆವರು ಶಿಷ್ಯರದು. ನಾರ್ತ್ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜಿನ ಕಥೆ ಬೇರೆ. ಗ್ರೋಪಿಯಸ್ ಮತ್ತು ಮಾರ್ಸೆಲ್ ಬ್ರಾಯರ್ ಹಾಕಿಕೊಟ್ಟ ಯೋಜನೆ ಕಾಲೇಜಿನ ಕೈಗೆಟಕುವಂತಿರಲಿಲ್ಲ. ಆಗ ಎ. ಲಾರೆನ್ಸ್ ಕೋಚರ್ ವಿನ್ಯಾಸ ಮಾಡಿದ ಸರಳ ಕಟ್ಟಡವನ್ನು 1940-41ರಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಎಬ್ಬಿಸಿದರು. ಕೈಯಲ್ಲಿ ಹಣವಿಲ್ಲದಿದ್ದದ್ದೇ ಅಲ್ಲಿ ವಿನ್ಯಾಸಕ್ಕೆ ಆಕಾರ ಕೊಟ್ಟಿತು.

ಇಂದು ಚಾಲ್ತಿಯಲ್ಲಿರುವ ರೂಪ 1967ರದ್ದು. ಯೇಲ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಮೂರ್ ಮೊದಲ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಕೆಂಟಕಿಯ ನ್ಯೂ ಝಯಾನ್ ಎಂಬಲ್ಲಿಗೆ ಕಳಿಸಿ ಒಂದು ಸಮುದಾಯ ಭವನ ಕಟ್ಟಿಸಿದರು. ನಾಗರಿಕ ಹಕ್ಕುಗಳ ಚಳವಳಿಯೂ ವಿಯೆಟ್ನಾಂ ಯುದ್ಧದ ವಿರೋಧವೂ ಕಾವೇರಿದ್ದ ಆ ದಿನಗಳಲ್ಲಿ, ಬಡ ಗುಡ್ಡಗಾಡಿನ ಜನಕ್ಕೆ ತಮ್ಮ ವಿದ್ಯೆ ಏನು ಕೊಡಬಲ್ಲದು ಎಂಬುದು ವಿದ್ಯಾರ್ಥಿಗಳ ಪ್ರಶ್ನೆಯಾಗಿತ್ತು. ಬಿಲ್ಡಿಂಗ್ ಪ್ರಾಜೆಕ್ಟ್ ಎಂಬ ಹೆಸರಿನ ಈ ಪಾಠ ಅಂದಿನಿಂದ ಯೇಲ್‌ನಲ್ಲಿ ನಡೆದುಬಂದಿದೆ. 1989ರಿಂದ ಅದು ದೂರದ ಊರುಗಳನ್ನು ಬಿಟ್ಟು, ವಿಶ್ವವಿದ್ಯಾಲಯವಿರುವ ನ್ಯೂ ಹೇವನ್ ನಗರದಲ್ಲೇ ಕಡಿಮೆ ಆದಾಯದವರಿಗೆ ಮನೆ ಕಟ್ಟುವ ಕೆಲಸವಾಯಿತು. ಈ ಬದಲಾವಣೆ ಚಿಕ್ಕದಲ್ಲ. ಕಟ್ಟಿದ ಮನೆಯ ಮುಂದೆ ಮಾರನೆಯ ವರ್ಷವೂ ನಡೆದುಹೋಗಬಹುದಾದ ದೂರದಲ್ಲಿ ಕಲಿಯುವವರಿಗೂ, ಕಟ್ಟಿ ರೈಲು ಹತ್ತುವವರಿಗೂ ಇರುವ ಹೊಣೆ ಒಂದೇ ಅಲ್ಲ.

ರೂರಲ್ ಸ್ಟುಡಿಯೊ

ಈ ಕ್ರಮದ ಗುಣದೋಷಗಳೆರಡನ್ನೂ ಒಂದೇ ಕಡೆ ಕಾಣಬೇಕಾದರೆ ಆಬರ್ನ್ ವಿಶ್ವವಿದ್ಯಾಲಯದ ರೂರಲ್ ಸ್ಟುಡಿಯೊವನ್ನು ನೋಡಬೇಕು. ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ.ಕೆ. ರೂತ್ 1993ರಲ್ಲಿ ಇದನ್ನು ಅಲಬಾಮಾದ ಹೇಲ್ ಕೌಂಟಿಯಲ್ಲಿ ಆರಂಭಿಸಿದರು. ಹತ್ತಿ ಬೆಳೆಯ ಕಾಲ ಮುಗಿದ ಮೇಲೆ ಬಡತನ ತಳವೂರಿದ ಸೀಮೆ ಅದು. ವಾಕರ್ ಎವನ್ಸ್ 1936ರಲ್ಲಿ ಗೇಣಿ ಒಕ್ಕಲುಗಳ ಪ್ರಸಿದ್ಧ ಛಾಯಾಚಿತ್ರಗಳನ್ನು ತೆಗೆದದ್ದೂ ಅಲ್ಲೇ. ವಿಶ್ವವಿದ್ಯಾಲಯದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಇರುವುದರಿಂದ ವಿದ್ಯಾರ್ಥಿಗಳು ದಿನವೂ ಬಂದು ಹೋಗುವುದು ಸಾಧ್ಯವಿಲ್ಲ. ನ್ಯೂಬರ್ನ್ ಎಂಬ ಚಿಕ್ಕ ಊರಿನಲ್ಲೇ ಉಳಿಯುತ್ತಾರೆ. 1994ರಲ್ಲಿ ಮುಗಿದ ಮೊದಲ ಮನೆಯ ಗೋಡೆಗಳು ಒಣಹುಲ್ಲಿನ ಹೊರೆಗಳವು, ಮೇಲೆ ಗಾರೆಯ ಲೇಪ. ಅದರ ಪಕ್ಕದಲ್ಲಿ ಒಡೆದ ಕಾಂಕ್ರೀಟು ಮತ್ತು ಗಾಜಿನ ಬಾಟಲಿಗಳಿಂದ ಎದ್ದ, ಮಾಂಸಕ್ಕೆ ಹೊಗೆ ಕೊಡುವ ಪುಟ್ಟ ಕೋಣೆಗೆ ತಗುಲಿದ್ದು 140 ಡಾಲರ್. 1995ರ ಯಾನ್ಸಿ ಚಾಪೆಲ್‌ಗೆ ಮಣ್ಣು ತುಂಬಿದ ಸುಮಾರು ಸಾವಿರ ಹಳೆಯ ಟೈರುಗಳು ಗೋಡೆಯಾದವು. 2000ದಲ್ಲಿ ಮುಗಿದ ಮೇಸನ್ಸ್ ಬೆಂಡ್ ಸಮುದಾಯ ಭವನದ ಗಾಜಿನ ಚಾವಣಿಗೆ ಗುಜರಿ ಕಾರುಗಳ ಮುಂಗಾಜುಗಳೇ ಹೆಂಚಿನಂತೆ ಒಂದರ ಮೇಲೊಂದು ಕೂತವು. 2002ರ ಲೂಸಿ ಹೌಸ್‌ಗೆ ಒತ್ತಿ ಜೋಡಿಸಿದ 72,000 ಕಾರ್ಪೆಟ್ ತುಂಡುಗಳು ಗೋಡೆಯಾದವು. ಮಾಕ್‌ಬೀಗೆ 2000ದಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು. 2001ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ, 2004ರಲ್ಲಿ, ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ ಮರಣೋತ್ತರವಾಗಿ ಸಂದಿತು.

ಈ ಮೊದಲ ಹಂತದ ಕಟ್ಟಡಗಳು ಕಣ್ಣಿಗೆ ಹಬ್ಬ. ಆದರೆ ಅವುಗಳಲ್ಲಿ ಒಂದು ಕೊರತೆ ಇತ್ತು: ಅವನ್ನು ಮತ್ತೊಮ್ಮೆ ಕಟ್ಟಲಾಗದು. ಪುಕ್ಕಟೆ ಸಿಕ್ಕ ವಸ್ತು, ಪುಕ್ಕಟೆ ದುಡಿಮೆ, ಕಣ್ಮುಂದಿರುವ ಒಬ್ಬ ಮನೆಯವರು, ಇವು ಮೂರೂ ಕೂಡಿಬಂದಾಗ ಮಾತ್ರ ಎದ್ದ ಮನೆಯಿಂದ ಪಕ್ಕದ ಬಡ ಕುಟುಂಬಕ್ಕೆ ಪ್ರಯೋಜನವಿಲ್ಲ. ಮಾಕ್‌ಬೀ ನಂತರ ನೇತೃತ್ವ ವಹಿಸಿದ ಆಂಡ್ರೂ ಫ್ರಿಯರ್ ಅವರ ಕಾಲದಲ್ಲಿ ಕೆಲಸ ಎರಡು ಕವಲಾಗಿ ಬದಲಾಯಿತು. ಒಂದು ಕಡೆ ಅಗ್ನಿಶಾಮಕ ಠಾಣೆ, ಗ್ರಂಥಾಲಯ, ಉದ್ಯಾನದಂಥ ಸಾರ್ವಜನಿಕ ಕೆಲಸಗಳು ಬಂದವು. ಗ್ರೀನ್ಸ್‌ಬರೋದ ಲಯನ್ಸ್ ಪಾರ್ಕ್‌ನ ಕೆಲಸವನ್ನು 2006ರಿಂದ ವರ್ಷವರ್ಷದ ತಂಡಗಳು ಒಂದರ ನಂತರ ಒಂದು ಮುಂದುವರಿಸಿದವು. ಇನ್ನೊಂದು ಕಡೆ 2005ರಲ್ಲಿ ‘20ಕೆ ಹೌಸ್’ ಯೋಜನೆ ಹುಟ್ಟಿತು. ಸಾಮಾಜಿಕ ಭದ್ರತಾ ಪಿಂಚಣಿಯನ್ನೇ ನಂಬಿದ ಒಬ್ಬರು ತಿಂಗಳ ಕಂತಿನಲ್ಲಿ ತೀರಿಸಬಹುದಾದ ಸಾಲ ಸುಮಾರು 20,000 ಡಾಲರ್ ಎಂದು ಲೆಕ್ಕ ಹಾಕಿ, ವಸ್ತು ಮತ್ತು ಕೂಲಿ ಎರಡೂ ಸೇರಿ ಆ ಮೊತ್ತದೊಳಗೆ ಮುಗಿಯುವ ಮನೆಯನ್ನು ವಿದ್ಯಾರ್ಥಿಗಳು ರೂಪಿಸಬೇಕು, ಅದನ್ನು ಊರಿನ ಸಾಮಾನ್ಯ ಗುತ್ತಿಗೆದಾರನೊಬ್ಬ ಕಟ್ಟುವಂತಿರಬೇಕು ಎಂಬುದು ಷರತ್ತು. ಒಂದು ತಂಡ ಕಟ್ಟಿದ ಮನೆಯನ್ನು ಮುಂದಿನ ತಂಡ ಅಳೆದು, ತಪ್ಪು ಹುಡುಕಿ, ತಿದ್ದಿ ಮತ್ತೆ ಕಟ್ಟಿತು. ಈ ಮನೆಗಳಲ್ಲಿ ಬಾಟಲಿ ಗೋಡೆಯ ಬೆರಗಿಲ್ಲ. ಜಗುಲಿ, ತಗಡಿನ ಮಾಡು, ನೆಲದಿಂದ ಎತ್ತರಿಸಿದ ಮರದ ಚೌಕಟ್ಟು ಇವೆ. ಆದರೆ ಮೊದಲ ಹಂತದಲ್ಲಿ ಕೇಳಿಯೇ ಇರದ ಪ್ರಶ್ನೆಗಳು ಈ ಹಂತದಲ್ಲಿ ಎದ್ದವು. ಮನೆ ಅಷ್ಟು ಅಗ್ಗವಾದಾಗ ಅಷ್ಟು ಸಣ್ಣ ಸಾಲ ಕೊಡಲು ಬ್ಯಾಂಕುಗಳಿಗೇ ಆಸಕ್ತಿ ಇರುವುದಿಲ್ಲ. ನಿರ್ಮಾಣ ನಿಯಮಗಳೂ ವಿಮೆಯೂ ದೊಡ್ಡ ಮನೆಗಳನ್ನು ನೆನೆದು ರೂಪುಗೊಂಡಿರುತ್ತವೆ. ಮನೆಯ ಬೆಲೆಯನ್ನು ಇಟ್ಟಿಗೆ, ಮರಗಳಷ್ಟೇ ತೀರ್ಮಾನಿಸುವುದಿಲ್ಲ, ಸಾಲ ಕೊಡುವ ಪದ್ಧತಿಯೂ ತೀರ್ಮಾನಿಸುತ್ತದೆ ಎಂಬ ಅರಿವು ಅಲ್ಲಿ ಭಾಷಣದಿಂದ ಬಂದದ್ದಲ್ಲ. ಒಂದೇ ಸೀಮೆಯಲ್ಲಿ ದಶಕಗಟ್ಟಲೆ ಉಳಿದು, ಕಟ್ಟಿದ್ದನ್ನು ರಿಪೇರಿ ಮಾಡುತ್ತ ಬಂದದ್ದರಿಂದ ಬಂದದ್ದು. ಸ್ಟುಡಿಯೊ ಈವರೆಗೆ ಮುಗಿಸಿದ ಕೆಲಸಗಳು 200ಕ್ಕೂ ಹೆಚ್ಚು.

ರಚನೆ

ವಿನ್ಯಾಸ-ನಿರ್ಮಾಣ ಸ್ಟುಡಿಯೊ ಒಂದು ಸೆಮಿಸ್ಟರಿನಿಂದ ಎರಡು ವರ್ಷದವರೆಗೆ ನಡೆಯಬಹುದು. ಮೊದಲ ಹಂತ ಬಳಸುವವರೊಡನೆ ಮಾತುಕತೆ ಮತ್ತು ನಿವೇಶನದ ಅಳತೆ. ಎರಡನೆಯದು ವಿನ್ಯಾಸದ ಆಯ್ಕೆ. ಕೆಲವು ಕಡೆ ಹಲವು ಯೋಜನೆಗಳ ನಡುವೆ ಸ್ಪರ್ಧೆ ನಡೆದು ಒಂದು ಗೆಲ್ಲುತ್ತದೆ. ಕೆಲವು ಕಡೆ ಇಡೀ ತಂಡ ಒಂದೇ ಯೋಜನೆಯನ್ನು ತಿದ್ದುತ್ತ ಹೋಗುತ್ತದೆ. ಸ್ಪರ್ಧೆಯ ಪದ್ಧತಿಯಲ್ಲಿ ಸೋತವರು ತಮ್ಮದಲ್ಲದ ಮನೆಯನ್ನು ಕಟ್ಟಬೇಕಾಗುತ್ತದೆ ಎಂಬ ದೂರು ಇದೆ. ವೃತ್ತಿಯಲ್ಲಿ ಬಹುಪಾಲು ವಾಸ್ತುಶಿಲ್ಪಿಗಳು ಮಾಡುವುದು ಅದನ್ನೇ ಆದ್ದರಿಂದ ಆ ದೂರಿಗೆ ಹೆಚ್ಚು ತೂಕವಿಲ್ಲ. ಮೂರನೆಯ ಹಂತ ಪೂರ್ಣ ಅಳತೆಯ ಮಾದರಿ: ಗೋಡೆಯ ಒಂದು ಮೂಲೆಯನ್ನೋ ಕಿಟಕಿಯ ಒಂದು ಚೌಕಟ್ಟನ್ನೋ ನಿಜವಾದ ವಸ್ತುವಿನಲ್ಲಿ ಮಾಡಿ ನೋಡುವುದು. ನಂತರ ಸ್ಥಳೀಯ ಆಡಳಿತದ ಪರವಾನಗಿ, ಸ್ಟ್ರಕ್ಚರಲ್ ಎಂಜಿನಿಯರರ ಸಹಿ, ವಸ್ತುಗಳ ಖರೀದಿ, ಪಾಯ, ಗೋಡೆ, ಮಾಡು, ತಂತಿ-ಕೊಳಾಯಿ, ಹಸ್ತಾಂತರ. ಕಾನೂನಿನ ಹೊಣೆ ವಿದ್ಯಾರ್ಥಿಯದಲ್ಲ. ನೋಂದಾಯಿತ ವಾಸ್ತುಶಿಲ್ಪಿಯಾದ ಅಧ್ಯಾಪಕರದೋ ಸಂಸ್ಥೆಯದೋ ಆಗಿರುತ್ತದೆ. ವಿದ್ಯುತ್ತು, ಎತ್ತರದ ಕೆಲಸ, ಭಾರ ಎತ್ತುವಿಕೆಗಳನ್ನು ಪರವಾನಗಿ ಇರುವ ಕೆಲಸಗಾರರಿಗೇ ಬಿಡುವುದು ಸಾಮಾನ್ಯ ನಿಯಮ.

ಇವೆಲ್ಲಕ್ಕಿಂತ ಕಷ್ಟದ ವಿಷಯ ಕ್ಯಾಲೆಂಡರು. ಕಾಂಕ್ರೀಟು ಸೆಮಿಸ್ಟರಿನ ಕೊನೆಯ ದಿನಾಂಕ ನೋಡಿ ಗಟ್ಟಿಯಾಗುವುದಿಲ್ಲ. ಕ್ಯೂರಿಂಗ್ ಮುಗಿಯುವ ಮುನ್ನ ಸೆಂಟ್ರಿಂಗ್ ಬಿಚ್ಚಿದರೆ ಸ್ಲ್ಯಾಬು ಬಾಗುತ್ತದೆ. ಮಳೆ, ತಡವಾಗಿ ಬಂದ ಮರ, ನೆರೆಯವರ ತಕರಾರು, ಬದಲಾದ ಮನೆಯವರ ಮನಸ್ಸು, ಇವು ಯಾವುವೂ ಪರೀಕ್ಷಾ ವೇಳಾಪಟ್ಟಿಗೆ ಹೊಂದುವುದಿಲ್ಲ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಗಾರೆ ಕಲಸುವ ಕಷ್ಟವನ್ನು ಕುರಿತದ್ದಲ್ಲ. ಹಣ, ಜನ, ಕಾಲ ಮೂರನ್ನೂ ಒಟ್ಟಿಗೆ ಹಿಡಿಯುವ ಕಷ್ಟವನ್ನು ಕುರಿತದ್ದು. ಈ ಕಷ್ಟವನ್ನು ಕಲಿಕೆಯಿಂದ ತೆಗೆದುಹಾಕಿ, ಖರೀದಿಯನ್ನೂ ಪರವಾನಗಿಯನ್ನೂ ಅಧ್ಯಾಪಕರೇ ನೋಡಿಕೊಂಡು, ವಿದ್ಯಾರ್ಥಿಗಳಿಗೆ ಮೊಳೆ ಹೊಡೆಯುವುದನ್ನಷ್ಟೇ ಬಿಡುವ ಕಾರ್ಯಕ್ರಮಗಳೂ ಇವೆ. ಅವು ಹೆಸರಿಗೆ ಮಾತ್ರ ವಿನ್ಯಾಸ-ನಿರ್ಮಾಣ.

ಪ್ರಕಾರಗಳು

ಒಂದೇ ಸೀಮೆಯಲ್ಲಿ ನೆಲೆ ನಿಂತು ಕಟ್ಟುವುದು ಮೊದಲ ಪ್ರಕಾರ. ರೂರಲ್ ಸ್ಟುಡಿಯೊ, 1989ರ ನಂತರದ ಯೇಲ್ ಇದಕ್ಕೆ ಸೇರುತ್ತವೆ. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಡ್ಯಾನ್ ರಾಕ್‌ಹಿಲ್ ಆರಂಭಿಸಿದ ‘ಸ್ಟುಡಿಯೊ 804’ ವರ್ಷಕ್ಕೊಂದು ಕಟ್ಟಡ ಮುಗಿಸುತ್ತದೆ. 2007ರ ಮೇ 4ರ ಸುಂಟರಗಾಳಿಗೆ ನೆಲಸಮವಾದ ಗ್ರೀನ್ಸ್‌ಬರ್ಗ್ ಪಟ್ಟಣಕ್ಕೆ ಅದು 2008ರಲ್ಲಿ ಕಟ್ಟಿಕೊಟ್ಟ ಕಲಾಕೇಂದ್ರಕ್ಕೆ ಆ ದಿನಾಂಕವೇ ಹೆಸರು. ಆ ರಾಜ್ಯದಲ್ಲಿ ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಕಟ್ಟಡ ಅದು.

ಎರಡನೆಯ ಪ್ರಕಾರ ಒಬ್ಬೊಬ್ಬ ವಿದ್ಯಾರ್ಥಿಯೂ ಒಂದೊಂದು ಕಟ್ಟುವುದು. ಚಿಲಿ ದೇಶದ ಟಾಲ್ಕಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಶಾಲೆ 1999ರಲ್ಲಿ ಆರಂಭವಾಯಿತು. ಅಲ್ಲಿ ಪದವಿಗೆ ಬೇಕಾದದ್ದು ಪ್ರಬಂಧವಲ್ಲ, ನಿಂತ ಕೃತಿ. ವಿದ್ಯಾರ್ಥಿಯೇ ಸ್ಥಳ ಹುಡುಕಿ, ಊರವರನ್ನು ಒಪ್ಪಿಸಿ, ಹಣ ಮತ್ತು ವಸ್ತು ಕೂಡಿಸಿ ಒಂದು ತಂಗುದಾಣವನ್ನೋ ನೋಟಕಟ್ಟೆಯನ್ನೋ ಕಟ್ಟಿ ಮುಗಿಸಬೇಕು. ಕೃತಿಗಳು ಚಿಕ್ಕವು, ಆದರೆ ಹೊಣೆ ಹಂಚಿಹೋಗುವುದಿಲ್ಲ. ಈ ದೃಷ್ಟಿಯಿಂದ ಇದು ಇಡೀ ಕ್ರಮದಲ್ಲೇ ಅತ್ಯಂತ ಕಟ್ಟುನಿಟ್ಟಾದ ರೂಪ. ಅದೇ ದೇಶದ ವಾಲ್ಪರೈಸೊ ಶಾಲೆಯ ಅಧ್ಯಾಪಕರಾದ ಆಲ್ಬರ್ಟೊ ಕ್ರೂಸ್ ಮತ್ತು ಕವಿ ಗೊಡೊಫ್ರೆಡೊ ಇಯೊಮ್ಮಿ ಮುಂತಾದವರು 1970ರ ಸುಮಾರಿಗೆ ರಿಟೋಕೆಯ ಮರಳುದಿಬ್ಬಗಳ ಮೇಲೆ ಶುರುಮಾಡಿದ ‘ತೆರೆದ ನಗರ’ ಇನ್ನೊಂದು ದಾರಿ ಹಿಡಿಯಿತು: ಕಟ್ಟಿದವರೇ ಅಲ್ಲಿ ವಾಸಿಸುತ್ತಾರೆ, ಹಳೆಯ ಕಟ್ಟಡಕ್ಕೆ ಹೊಸ ತಲೆಮಾರು ಸೇರಿಸುತ್ತದೆ.

ಮೂರನೆಯದು ವಸ್ತುವಿನ ಸಂಶೋಧನೆಗೆ ಒತ್ತು ಕೊಡುವ ಪ್ರಕಾರ. ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಶನ್ ಶಾಲೆಗೆ ಡಾರ್ಸೆಟ್‌ನಲ್ಲಿ ಹುಕ್ ಪಾರ್ಕ್ ಎಂಬ ಕಾಡಿದೆ. ಅಲ್ಲಿನ ವಿದ್ಯಾರ್ಥಿಗಳು ಮರದ ಕವಲುಗಳನ್ನು ಸ್ಕ್ಯಾನ್ ಮಾಡಿ, ಕವಲು ಇದ್ದ ಹಾಗೆಯೇ ತೊಲೆಯಾಗಿ ಕೂರುವಂತೆ ರೋಬಾಟ್ ತೋಳಿನಿಂದ ಸಂದು ಕೊರೆದು, 2016ರಲ್ಲಿ ಒಂದು ಉಗ್ರಾಣ ಎಬ್ಬಿಸಿದರು. ನಾಲ್ಕನೆಯದು ಸ್ಪರ್ಧೆ. ಅಮೆರಿಕದ ಇಂಧನ ಇಲಾಖೆ 2002ರಲ್ಲಿ ಆರಂಭಿಸಿದ ಸೋಲಾರ್ ಡೆಕಾತ್ಲಾನ್‌ನಲ್ಲಿ ವಿದ್ಯಾರ್ಥಿ ತಂಡಗಳು ಸೌರಶಕ್ತಿಯ ಮನೆ ಕಟ್ಟಿ ಹತ್ತು ಅಂಶಗಳಲ್ಲಿ ಪೈಪೋಟಿ ನಡೆಸುತ್ತಿದ್ದವು. ಇಲ್ಲಿ ತಾಂತ್ರಿಕ ಕಲಿಕೆ ಗಾಢ, ಆದರೆ ಸ್ಪರ್ಧೆಯ ದಿನಗಳಲ್ಲಿ ಆ ಮನೆಯಲ್ಲಿ ಯಾರೂ ಸಂಸಾರ ಹೂಡುತ್ತಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ 1999ರಿಂದ ನಡೆದಿರುವ ‘ಲೈವ್ ಪ್ರಾಜೆಕ್ಟ್’ಗಳಲ್ಲಿ ಬಳಸುವವರು ನಿಜ, ಆದರೆ ಫಲ ಯಾವಾಗಲೂ ಕಟ್ಟಡವೇ ಆಗಬೇಕೆಂದಿಲ್ಲ.

ಐದನೆಯದು ಶ್ರೀಮಂತ ದೇಶಗಳ ಶಾಲೆಗಳು ಬಡ ದೇಶಗಳಿಗೆ ಹೋಗಿ ಕಟ್ಟುವ ಪ್ರಕಾರ. ಹೆಚ್ಚು ಟೀಕೆಗೆ ಗುರಿಯಾದದ್ದೂ ಇದೇ. ಇದಕ್ಕೆ ಹೊಂದಿದ ಉದಾಹರಣೆಗಳಲ್ಲಿ ಬಾಂಗ್ಲಾದೇಶದ ರುದ್ರಪುರದ ಮೆಟಿ ಶಾಲೆ ಎದ್ದು ಕಾಣುತ್ತದೆ. ಆಸ್ಟ್ರಿಯದ ಲಿಂಟ್ಸ್‌ನಲ್ಲಿ ಓದುತ್ತಿದ್ದ ಆನಾ ಹೆರಿಂಗರ್ ಅವರ 2004ರ ಪದವಿ ಯೋಜನೆ ಅದು, 2005ರಲ್ಲಿ ಕಟ್ಟಡವಾಯಿತು. ಐಕೆ ರೋಸ್ವಾಗ್ ಜೊತೆಗಿದ್ದರು. ಇಟ್ಟಿಗೆಯ ಪಾಯದ ಮೇಲೆ ಹುಲ್ಲು ಬೆರೆಸಿದ ಮಣ್ಣಿನ ದಪ್ಪ ಗೋಡೆ, ಮೇಲಂತಸ್ತಿಗೆ ಬಿದಿರು. ಕೈ ಸ್ಥಳೀಯ ಕೆಲಸಗಾರರದು, ನಿರ್ವಹಣೆ ‘ದೀಪಶಿಖಾ’ ಎಂಬ ಅಲ್ಲಿಯದೇ ಸಂಸ್ಥೆಯದು. 2007ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. ಹೆರಿಂಗರ್ ವಾಸ್ತುಶಿಲ್ಪ ಕಲಿಯಲು ಹೋಗುವ ಮೊದಲೇ ಆ ಸಂಸ್ಥೆಯೊಡನೆ ಸ್ವಯಂಸೇವಕಿಯಾಗಿ ಸುಮಾರು ಒಂದು ವರ್ಷ ಬಾಂಗ್ಲಾದೇಶದ ಹಳ್ಳಿಯಲ್ಲಿ ಬಾಳಿದ್ದರು. ಮಣ್ಣಿನ ಗೋಡೆ ಬಡವರ ಗುರುತು ಎಂಬ ಅಲ್ಲಿನ ಭಾವನೆಯನ್ನು ಅವರು ಮೊದಲು ಕೇಳಿಸಿಕೊಂಡದ್ದೂ, ನಂತರ ಅದಕ್ಕೆ ಕಟ್ಟಡದಲ್ಲೇ ಉತ್ತರ ಕೊಟ್ಟದ್ದೂ ಆ ಬಾಳುವೆಯಿಂದ.

ಆಕ್ಷೇಪಗಳು

ವಿದ್ಯಾರ್ಥಿಯಿಂದ ಸಂಬಳವಿಲ್ಲದ ದುಡಿಮೆ ಮಾಡಿಸುವುದು ಶೋಷಣೆ ಎಂಬುದು ಮೊದಲ ಆಕ್ಷೇಪ. ಟಾಲಿಯೆಸಿನ್‌ನಂತೆ ಶಿಷ್ಯರ ಬೆವರು ಗುರುವಿನ ಮನೆಗೆ ಹೋದಾಗ ಈ ಆಕ್ಷೇಪ ನ್ಯಾಯವಾದದ್ದೇ. ವಿನ್ಯಾಸದ ತೀರ್ಮಾನ ಯಾರದು ಎಂಬುದು ಇಲ್ಲಿ ನಿರ್ಣಾಯಕ. ತೀರ್ಮಾನ ವಿದ್ಯಾರ್ಥಿಯದಾಗಿದ್ದರೆ ಆ ದುಡಿಮೆ ತನ್ನ ತೀರ್ಮಾನವನ್ನು ಪರೀಕ್ಷಿಸುವ ಪ್ರಯೋಗ. ಇಲ್ಲವಾದರೆ ಬರೀ ಬಿಟ್ಟಿ. ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆಯನ್ನು ಅಷ್ಟಾಗಿ ಯಾರೂ ಎತ್ತುವುದಿಲ್ಲ: ವಿದ್ಯಾರ್ಥಿಗಳು ಪುಕ್ಕಟೆ ಕಟ್ಟಿದಾಗ ಊರಿನ ಮೇಸ್ತ್ರಿಯ ಕೂಲಿ ತಪ್ಪುವುದಿಲ್ಲವೇ? ತಪ್ಪುತ್ತದೆ. ಕೂಲಿಯ ಪಾಲನ್ನು ಲೆಕ್ಕದಲ್ಲೇ ಇಟ್ಟ 20ಕೆ ಯೋಜನೆಯೂ, ಊರಿನವರಿಗೇ ಕೆಲಸ ಕೊಟ್ಟ ಮೆಟಿ ಶಾಲೆಯೂ ಈ ಪ್ರಶ್ನೆಗೆ ಸಿಕ್ಕಿರುವ ಸರಿಯಾದ ಉತ್ತರಗಳು. ಪುಕ್ಕಟೆ ದುಡಿಮೆಯಿಂದ ಇಳಿದ ಬೆಲೆಯನ್ನು ಕಟ್ಟಡದ ನಿಜವಾದ ಬೆಲೆ ಎಂದು ಹೇಳಿಕೊಳ್ಳುವುದು ತಪ್ಪು ಲೆಕ್ಕ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಬಡವರ ಮನೆ ಶ್ರೀಮಂತರ ಮಕ್ಕಳ ಪ್ರಯೋಗಶಾಲೆಯಾಗುತ್ತದೆ. ಆಬರ್ನ್ ವಿಶ್ವವಿದ್ಯಾಲಯ 1964ರವರೆಗೆ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿರಲಿಲ್ಲ. ಅದರ ಬಹುಪಾಲು ಬಿಳಿಯ ವಿದ್ಯಾರ್ಥಿಗಳು ಕಪ್ಪು ಕುಟುಂಬಗಳ ಅಂಗಳದಲ್ಲಿ ಹೊಸ ವಸ್ತುಗಳನ್ನು ಪರೀಕ್ಷಿಸಿದರು ಎಂಬ ಮಾತಿನಲ್ಲಿರುವ ಇರಿತವನ್ನು ತೆಗೆದುಹಾಕಲಾಗದು. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಟಸ್ಕೀಗೀಯಲ್ಲಿ ಕಪ್ಪು ವಿದ್ಯಾರ್ಥಿಗಳು ನೂರು ವರ್ಷ ಮೊದಲೇ ತಮಗಾಗಿ ತಾವೇ ಕಟ್ಟಿಕೊಂಡಿದ್ದರು ಎಂಬುದನ್ನು ನೆನೆದರೆ ಆ ಇರಿತ ಇನ್ನೂ ಆಳವಾಗುತ್ತದೆ. ಈ ಕೆಲಸವನ್ನೇ ಬಿಡುವುದರಿಂದ ಇದು ಪರಿಹಾರವಾಗುವುದಿಲ್ಲ. ಬಿಟ್ಟರೆ ಆ ಕುಟುಂಬಗಳಿಗೆ ಬೇರೆ ವಾಸ್ತುಶಿಲ್ಪಿ ಸಿಗುವುದೂ ಇಲ್ಲ. ಪರಿಹಾರವಿರುವುದು ಬೇಡ ಎನ್ನುವ ಹಕ್ಕು ಮನೆಯವರ ಕೈಯಲ್ಲಿರುವುದರಲ್ಲಿ, ಕಟ್ಟಿದ ಮೇಲೆ ಕಾಣೆಯಾಗದಿರುವುದರಲ್ಲಿ. ಸೋರುವ ಮಾಡಿಗೆ ಯಾರನ್ನು ಕರೆಯಬೇಕೆಂದು ಮನೆಯವರಿಗೆ ಗೊತ್ತಿರದ ಕಾರ್ಯಕ್ರಮಕ್ಕೆ ಯಾವ ಪ್ರಶಸ್ತಿ ಬಂದಿದ್ದರೂ ಅದು ಈ ಆಕ್ಷೇಪಕ್ಕೆ ಉತ್ತರ ಕೊಟ್ಟಂತಲ್ಲ. ವಿದೇಶದಿಂದ ಆರು ವಾರಕ್ಕೆ ಬಂದು ಶಾಲೆ ಕಟ್ಟಿ ಚಿತ್ರ ತೆಗೆದುಕೊಂಡು ಮರಳುವ ತಂಡಗಳು ಬಹುಮಟ್ಟಿಗೆ ಈ ಪರೀಕ್ಷೆಯಲ್ಲಿ ಸೋಲುತ್ತವೆ.

ಮೂರನೆಯದು ಕಾಲದ ಆಕ್ಷೇಪ: ಒಂದು ಚಿಕ್ಕ ಕಟ್ಟಡಕ್ಕೆ ಇಡೀ ವರ್ಷ ಹೋದರೆ ಆಸ್ಪತ್ರೆ, ರೈಲು ನಿಲ್ದಾಣ, ನಗರಯೋಜನೆಗಳ ಸಂಕೀರ್ಣತೆಯನ್ನು ಕಲಿಯುವುದು ಯಾವಾಗ? ಇದು ನಿಜವಾದ ನಷ್ಟ, ಒಪ್ಪಿಕೊಳ್ಳಬೇಕಾದದ್ದು. ಐದು ವರ್ಷದ ಪಠ್ಯವನ್ನು ಪೂರ್ತಿ ಹೀಗೆ ನಡೆಸಬೇಕೆಂದು ಗಂಭೀರವಾಗಿ ಯಾರೂ ವಾದಿಸಿಲ್ಲ; ಯೇಲ್ ಅದನ್ನು ಮೊದಲ ವರ್ಷಕ್ಕೆ ಸೀಮಿತಗೊಳಿಸಿದೆ. ಆದರೆ ಒಂದು ಸಲ ಕಟ್ಟಿದವರು ನಂತರ ಕಾಗದದ ಮೇಲೆ ದೊಡ್ಡದನ್ನು ರಚಿಸುವಾಗಲೂ ಗೆರೆಯ ಹಿಂದಿನ ಭಾರವನ್ನು ಬಲ್ಲರು. ಕಂಪ್ಯೂಟರ್ ಮಾದರಿಗಳೇ ಈ ಕೆಲಸ ಮಾಡಬಲ್ಲವು ಎಂಬ ಈಚಿನ ವಾದವನ್ನೂ ಇಲ್ಲೇ ನೋಡಬಹುದು. ತೊಲೆಯ ಬಾಗು, ಕೋಣೆಯ ಬಿಸಿ, ವಸ್ತುವಿನ ಪ್ರಮಾಣಗಳನ್ನು ಕಂಪ್ಯೂಟರ್ ಮನುಷ್ಯರಿಗಿಂತ ಚೆನ್ನಾಗಿ ಲೆಕ್ಕ ಹಾಕುತ್ತದೆ. ಆದರೆ ಮಾತು ತಪ್ಪಿದ ಮರದ ವ್ಯಾಪಾರಿಯಾಗಲಿ, ಅಡುಗೆಮನೆ ಬಾಗಿಲಿನಿಂದ ಅಂಗಳ ಕಾಣಬೇಕೆನ್ನುವ ಅಜ್ಜಿಯಾಗಲಿ ಆ ಮಾದರಿಯೊಳಗಿಲ್ಲ.

ಇಂದಿನ ಸ್ಥಿತಿ

ಭಾರತದಲ್ಲಿ ವಾಸ್ತುಶಿಲ್ಪ ಶಿಕ್ಷಣ 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ರೂಪುಗೊಂಡ ವಾಸ್ತುಶಿಲ್ಪ ಪರಿಷತ್ತಿನ ನಿಯಮಗಳಿಗೆ ಒಳಪಟ್ಟಿದೆ. ಐದು ವರ್ಷದ ಬಿ.ಆರ್ಕ್. ಪಠ್ಯದಲ್ಲಿ ನಿರ್ಮಾಣ ತಂತ್ರ, ಕಾರ್ಯಾಗಾರ, ಪ್ರಾಯೋಗಿಕ ತರಬೇತಿ ಇವೆ, ವಿನ್ಯಾಸ-ನಿರ್ಮಾಣ ಕಡ್ಡಾಯವಲ್ಲ. ಆ ಕೊರತೆಯನ್ನು ಕಾಲೇಜಿನ ಹೊರಗಿನ ಸಂಸ್ಥೆಗಳು ಭಾಗಶಃ ತುಂಬಿವೆ. 1989ರಲ್ಲಿ ಸ್ಥಾಪನೆಯಾದ ಆರೋವಿಲ್ ಭೂ ಸಂಸ್ಥೆಯಲ್ಲಿ ವಿದ್ಯಾರ್ಥಿಗಳು ಒತ್ತಿದ ಮಣ್ಣಿನ ಇಟ್ಟಿಗೆ, ಕಮಾನು, ಗುಮ್ಮಟ ಕಟ್ಟುವುದನ್ನು ಕಲಿಯುತ್ತಾರೆ. ನಿವೇಶನದಲ್ಲೇ ನಿಂತು ತೀರ್ಮಾನ ಮಾಡುತ್ತಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಪದ್ಧತಿಯನ್ನು ಕೇರಳದ ಕಾಸ್ಟ್‌ಫೋರ್ಡ್ ಸಂಸ್ಥೆ 1985ರಿಂದ ಮುಂದುವರಿಸಿದೆ. 2001ರ ಭೂಕಂಪದ ನಂತರ ಕಚ್ಛ್‌ನಲ್ಲಿ ಹುಟ್ಟಿದ ಹುನ್ನರ್‌ಶಾಲಾ ಇನ್ನೊಂದು ತುದಿಯಿಂದ ಹೊರಟು, ಶಾಲೆ ಬಿಟ್ಟ ಯುವಕರನ್ನು ಕುಶಲಕರ್ಮಿಗಳನ್ನಾಗಿ ತಯಾರು ಮಾಡುತ್ತದೆ. ಸ್ಪರ್ಧೆಯ ಪ್ರಕಾರದಲ್ಲಿ, ಮುಂಬಯಿ ಐಐಟಿಯ ‘ಟೀಮ್ ಶೂನ್ಯ’ 2014ರಲ್ಲಿ ಫ್ರಾನ್ಸಿನ ವರ್ಸೈಯಲ್ಲಿ ನಡೆದ ಯುರೋಪಿನ ಸೋಲಾರ್ ಡೆಕಾತ್ಲಾನ್‌ನಲ್ಲಿ ಮನೆ ಕಟ್ಟಿ ಪಾಲ್ಗೊಂಡಿತು. ಭಾರತದಲ್ಲೇ ಈಗ ನಡೆಯುತ್ತಿರುವ ಸೋಲಾರ್ ಡೆಕಾತ್ಲಾನ್ ಇಂಡಿಯಾ ಮುಖ್ಯವಾಗಿ ವಿನ್ಯಾಸದ ಸ್ಪರ್ಧೆ. ಅದರ ಸಂಘಟಕರಲ್ಲಿ ಬೆಂಗಳೂರಿನ ಭಾರತೀಯ ಮಾನವ ವಸಾಹತು ಸಂಸ್ಥೆಯೂ ಒಂದು.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ನೆಲಗಟ್ಟು ಬಹುಕಾಲದಿಂದ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಮುಂತಾದವರು ಗ್ರಾಮೀಣ ತಂತ್ರಜ್ಞಾನಕ್ಕೆಂದು ಆರಂಭಿಸಿದ ಅಸ್ತ್ರ ಕೇಂದ್ರ ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ವಿಸ್ತರಣಾ ಕೇಂದ್ರ ತೆರೆಯಿತು, ಕೆ.ಎಸ್. ಜಗದೀಶ್ ಮತ್ತು ಸಂಗಡಿಗರ ಸಂಶೋಧನೆಯಿಂದ ಒತ್ತಿದ ಮಣ್ಣಿನ ಇಟ್ಟಿಗೆ ರಾಜ್ಯದಲ್ಲಿ ಬಳಕೆಗೆ ಬಂತು. ಅದು ಎಂಜಿನಿಯರರ ಸಂಶೋಧನೆ, ವಾಸ್ತುಶಿಲ್ಪ ವಿದ್ಯಾರ್ಥಿಗಳ ಸ್ಟುಡಿಯೊ ಅಲ್ಲ. ಆದರೆ ಹಳ್ಳಿಯಲ್ಲಿ ನೆಲೆ ನಿಂತು, ಕಟ್ಟಿ, ತಪ್ಪು ತಿದ್ದಿ, ಮತ್ತೆ ಕಟ್ಟುವ ಅದರ ವಿಧಾನ ಇಲ್ಲಿ ಹೇಳಿದ ಅಳತೆಗೋಲಿಗೆ ಸರಿಯಾಗಿ ಹೊಂದುತ್ತದೆ. ಟಾಲ್ಕಾದಲ್ಲಿ ಕಟ್ಟಿ ಮುಗಿಸುವುದು ಪದವಿಯ ಷರತ್ತು, ಯೇಲ್‌ನಲ್ಲಿ ಮೊದಲ ವರ್ಷದ ಪಾಠ. ಭಾರತದಲ್ಲಿ ಇಂದಿಗೂ ಅದು ಆಯಾ ಕಾಲೇಜಿನ ಇಚ್ಛೆಗೆ ಬಿಟ್ಟದ್ದು.